ಚಿಕ್ಕತಾಯಮ್ಮ ಮುಟ್ಟದ ಸಾರು

ರೇಷ್ಮೆ ನೂಲು ತೆಗೆಯುವ ಊರು. ಅಲ್ಲೊಬ್ಬ ಸಾಹುಕಾರ. ಒಳ್ಳೆಯವನು, ನೋಡಿ, ನಿಜಕ್ಕೂ ಒಳ್ಳೆಯವನು. ಕೆಲಸದವರ ಮನೆಯ ಮದುವೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದ. ವರ್ಷಕ್ಕೊಮ್ಮೆ ತನ್ನ ನೂಲಿನ ಕಾರ್ಖಾನೆಯ ಹೆಂಗಸರನ್ನೆಲ್ಲ ಮನೆಗೆ ಕರೆದು, ಸೊಂಟಕ್ಕೆ ಟವೆಲ್ ಕಟ್ಟಿ ತಾನೇ ಬಡಿಸುತ್ತಿದ್ದ.

ಒಂದು ವರ್ಷ ಹಾಗೆ ಬಡಿಸುತ್ತಾ ಚಿಕ್ಕತಾಯಮ್ಮನ ಎಲೆಯ ಮುಂದೆ ನಿಂತ. ಇಪ್ಪತ್ತು ವರ್ಷದಿಂದ ಅವನಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದವಳು. ಮುದ್ದೆ ಹಾಗೇ ಇತ್ತು, ಸಾರು ಹಾಗೇ ಇತ್ತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಸಾಹುಕಾರನ ಮನಸ್ಸಿಗೆ ಚುರುಕ್ ಎಂದಿತು.

"ಯಾಕ್ ತಾಯಮ್ಮ, ನಮ್ಮನೆ ಊಟ ಸೇರ್ಲಿಲ್ವಾ?"

ಹಸಿವಿಲ್ಲ ಎಂದಳು. ಬೆಳಿಗ್ಗೆ ತಿಂದದ್ದೇ ಜಾಸ್ತಿ ಎಂದಳು. ಅವನು ಬಿಡಲಿಲ್ಲ, ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಸಾರು ಗಮಗಮ ಅಂತೈತೆ ಯಜಮಾನ್ರೇ. ಕೈ ಇಕ್ಕಿದ್ರೆ ಖಾರ ಉರೀತೈತೆ, ಅಷ್ಟೇಯ," ಎಂದು ಸೆರಗಿನಿಂದ ಕೈ ತೆಗೆದಳು.

ಬೆರಳ ಸಂದಿಯಲ್ಲೆಲ್ಲ ಚರ್ಮ ಬಿಳಿಚಿಕೊಂಡು ಸೀಳಿತ್ತು. ದಿನವಿಡೀ ಸುಡುವ ನೀರಿನಲ್ಲಿ ಗೂಡು ತಡಕಿದ ಕೈ. ಆ ಕೈ ತೆಗೆದ ನೂಲನ್ನು ಸಾಹುಕಾರ ದಿನವೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೈಯನ್ನು? ಒಮ್ಮೆಯೂ ನೋಡಿರಲಿಲ್ಲ. ಎದ್ದ. ಒಳಗೆ ಹೋಗಿ ಮೊಸರನ್ನ, ಚಮಚ ತಂದಿಟ್ಟ.

ಮಾರನೆಯ ದಿನ ಎಲ್ಲರಿಗೂ ರಬ್ಬರ್ ಕೈಗವಸು ಹಂಚಿದ. ಹೆಂಗಸರು ಹಾಕಿಕೊಂಡರು, ಗಂಟೆಯೊಳಗೆ ಬಿಚ್ಚಿಟ್ಟರು. ಅವನಿಗೆ ಕೋಪ ಬಂತು. ಕೊಟ್ಟವರಿಗೆ ಕೋಪ ಬೇಗ ಬರುತ್ತದೆ, ಅಲ್ಲವೇ? ಆದರೆ ಗದರಲಿಲ್ಲ, ಕಾರಣ ಕೇಳಿದ. ಕೂದಲಿಗಿಂತ ಸಣ್ಣ ಎಳೆ ರಬ್ಬರಿನೊಳಗಿನ ಬೆರಳಿಗೆ ಸಿಗುವುದಿಲ್ಲ ಎಂದಳು ಚಿಕ್ಕತಾಯಮ್ಮ.

"ಗೂಡು ಬೇಯ್ಸೋ ತೊಟ್ಟಿನೇ ಬ್ಯಾರೆ ಮಾಡ್ಸಿ. ನಾವು ಕೈ ಇಕ್ಕೋ ನೀರು ಉಗುರುಬೆಚ್ಚಗಿದ್ರೆ ಸಾಕು. ನಡುನಡುವೆ ಕೈ ಒಣಗಿಸ್ಕೊಳ್ಳಾಕ್ ಬಿಡಿ."

ಇದು ಅವಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಕೇಳಿದವರಿರಲಿಲ್ಲ. ಸಾಹುಕಾರ ಬೇರೆ ತೊಟ್ಟಿ ಕಟ್ಟಿಸಿದ, ಡಾಕ್ಟರನ್ನು ಕರೆಸಿದ. ಗಾಯ ಮಾಯಲು ತಿಂಗಳುಗಳು ಹಿಡಿದವು. ಅವಳ ಎರಡು ಬೆರಳು ಮಾತ್ರ ಮತ್ತೆ ಪೂರ್ತಿ ಮಡಚಲು ಬರಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಇವತ್ತು ನಿಮ್ಮ ಮನೆಯ ಪಾತ್ರೆ ತೊಳೆದವಳ ಕೈ ಹೇಗಿದೆ? ನಿಮ್ಮ ಹೊಲಕ್ಕೆ ಔಷಧಿ ಹೊಡೆದವನು ಮೂಗಿಗೆ ಏನು ಕಟ್ಟಿಕೊಂಡಿದ್ದ? ಗೊತ್ತೇ? ನೀವು ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತೀರಿ, ಊಟ ಹಾಕುತ್ತೀರಿ. ಕೊಡಿ, ಹಾಕಿ. ಆದರೆ ನಾಳೆ ಅವರು ಬಂದಾಗ, ಕೆಲಸ ಹೇಳುವ ಮೊದಲು, ಈ ಕೆಲಸದಲ್ಲಿ ನಿಮಗೆ ಎಲ್ಲಿ ನೋಯುತ್ತದೆ ಎಂದು ಕೇಳಿ. ಏನೂ ಇಲ್ಲ ಅನ್ನುತ್ತಾರೆ. ಅಲ್ಲಿಂದ ಕದಲಬೇಡಿ. ಇನ್ನೊಮ್ಮೆ ಕೇಳಿ. ಅವರು ಹೇಳಿದ್ದನ್ನು ಅದೇ ವಾರದಲ್ಲಿ ಮಾಡಿ.