ಕೂಗದೆ ಉಳಿದ ಏಳು ಹೆಸರು

ಹತ್ತಿರ ಬನ್ನಿ. ಇದು ಗಟ್ಟಿಯಾಗಿ ಹೇಳೋ ವಿಷಯ ಅಲ್ಲ. ನಾನು ಕಂಡ ದೆವ್ವಗಳನ್ನೆಲ್ಲ ಕೂರಿಸಿದರೆ ಒಂದು ಬಸ್ಸು ಸಾಲದು, ಅದರಲ್ಲಿ ಎರಡು ನನ್ನನ್ನು ಕಂಡೇ ಓಡಿಹೋಗಿದ್ದೂ ಉಂಟು. ಆದರೆ ಇದು ನನಗಾದದ್ದಲ್ಲ, ನನ್ನ ಸೋದರಸೊಸೆಗೆ ಆದದ್ದು. ಮನೆಯಲ್ಲಿ ಅವಳನ್ನು ಗುಬ್ಬಿ ಅಂತಾರೆ. ಕೆಟ್ಟ ಕಂಪ್ಯೂಟರ್ ಪ್ರೋಗ್ರಾಮು ಸರಿಮಾಡೋದು ಅವಳ ಕೆಲಸ. ಸುಳ್ಳು ಹೇಳೋಳಲ್ಲ. ಆ ವಿದ್ಯೆ ನಮ್ಮ ಮನೆತನದಲ್ಲಿ ಅವಳೊಬ್ಬಳಿಗೇ ಹತ್ತಲಿಲ್ಲ.

ಆವತ್ತು ರಾತ್ರಿ ಹನ್ನೊಂದೂವರೆ. ಗುಬ್ಬಿ ಕಣ್ಣಾಸ್ಪತ್ರೆಯ ಹಿಂದಿನ ಗೇಟಿನಿಂದ ಹೊರಬಿದ್ದಳು. ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಒಂದು ಕಾಲು ಎತ್ತಿಟ್ಟರೆ ಇನ್ನೊಂದು, ನಾನು ಬರೋಲ್ಲ, ನೀನೇ ಹೋಗು ಅನ್ನೋ ಹಾಗಿತ್ತು. ದಾರಿ ಪಕ್ಕ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟಬೇಕು...

ಸರ್‌ರ್...

ಗಾಳಿಯಲ್ಲ. ಬೆರಳಿಗೆ ಎಂಜಲು ಹಚ್ಚಿ ದಪ್ಪ ಪುಸ್ತಕದ ಹಾಳೆ ತಿರುವಿದ ಸದ್ದು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಬಾವಿಯ ಒಳಗಿಂದ. ಆಮೇಲೆ ಒಂದು ಹೆಸರು... ಮತ್ತೆ ಅದೇ ಹೆಸರು... ಮೂರನೇ ಸಲ, ಅದೇ.

ಗುಬ್ಬಿಗೆ ಆ ಹೆಸರು ಗೊತ್ತಿತ್ತು. ಅದು ಹೊಲಿಗೆಯಮ್ಮನದು.

ಈ ಹೊಲಿಗೆಯಮ್ಮ ಯಾರು ಅಂದರೆ, ಬಟ್ಟೆ ಹೊಲಿದು ಬದುಕೋ ಹೆಂಗಸು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಂಜು. ಆಸ್ಪತ್ರೆಗೆ ಹೊರಗಿನಿಂದ ದೊಡ್ಡ ಡಾಕ್ಟರು ಬಂದಿದ್ದರು, ಮೂರು ದಿನ ಆಪರೇಷನ್. ನಾಳೆ ಕೊನೇ ದಿನ. ನಾಳೆ ತಪ್ಪಿದರೆ ಬರೋ ವರ್ಷ, ಅಷ್ಟರಲ್ಲಿ ಆ ಕಣ್ಣೂ ಇರೋದಿಲ್ಲ. ಬರೆಸಿದವರು ನೂರ ಹದಿಮೂರು ಜನ. ಕಂಪ್ಯೂಟರು ಪುಟಕ್ಕೆ ಇಪ್ಪತ್ತು ಹೆಸರು ತೋರಿಸುತ್ತೆ. ಒಂದು, ಎರಡು ಅಂತ ಪುಟ ಒತ್ತಿ, ದೊಡ್ಡ ಸಿಸ್ಟರು ಆರೂ ಪುಟ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರು. ಅದನ್ನು ನೋಡಿಯೇ ಕೂಗೋದು. ಹೊಲಿಗೆಯಮ್ಮ ಎರಡು ದಿನ ಬೆಂಚಿನ ಮೇಲೇ ಕೂತಿದ್ದಳು, ಅವಳ ಹೆಸರು ಬರಲೇ ಇಲ್ಲ.

ಗುಬ್ಬಿ ಹುಡುಕಿದರೆ ಹೆಸರು ಕಂಪ್ಯೂಟರಿನ ಒಳಗೆ ಇದೆ. ಪುಟ ತಿರುವಿದರೆ ಇಲ್ಲ! ಅದರ ಬದಲು ಇನ್ಯಾರೋ ಮೂರನೇ ಪುಟದಲ್ಲೂ ಇದಾನೆ, ನಾಲ್ಕರಲ್ಲೂ ಇದಾನೆ. ಒಟ್ಟು ಮಾತ್ರ ಸರಿಯಾಗಿ ನೂರ ಹದಿಮೂರು.

"ಎರಡು ಸಲ ಇರೋನ್ನ ಒಂದು ಕಡೆ ಅಳಿಸಿಬಿಡಮ್ಮ, ಆಯಮ್ಮನ್ನ ಕೊನೇಲಿ ಸೇರಿಸು, ಮುಗೀತು," ಅಂದಿದ್ದರು ಮೇಲಿನವರು. ಗುಬ್ಬಿಗೂ ಸಾಕಾಗಿತ್ತು. ಬೆಳಗ್ಗೆ ಹಾಗೇ ಮಾಡೋಣ ಅಂತ ಹೊರಟವಳು, ಈಗ ಬಾವಿ ಹತ್ತಿರ ನಿಂತಿದ್ದಳು.

ಎರಡನೇ ಹೆಸರು ಬಂತು. ಮೂರು ಸಲ. ಇದು ಅವಳು ಕೇಳಿದ್ದೇ ಅಲ್ಲ. ಮೂರನೇದು... ಸರ್‌ರ್... ನಾಲ್ಕನೇದು...

ರಾತ್ರಿ ಕಾವಲಿನವನು ಟಾರ್ಚ್ ಆರಿಸಿಕೊಂಡು ಪಕ್ಕಕ್ಕೆ ಬಂದ.

"ಅಣ್ಣಾ... ಯಾರು ಕೂಗ್ತಿರೋದು?"

"ಮೆಲ್ಲಗೆ. ನಿಂಗೂ ಕೇಳಿಸ್ತಾ?"

"ಯಾರದು?"

"ಕಂಪ್ಯೂಟರ್ ಬರೋಕ್ಕೆ ಮುಂಚೆ ಇಲ್ಲಿ ಹೆಸರು ಕೂಗೋನು ಒಬ್ಬನಿದ್ದ. ಒಂದೊಂದು ಹೆಸರೂ ಮೂರು ಸಲ. ಪುಸ್ತಕದಲ್ಲಿರೋರೆಲ್ಲ ಎದ್ದು ಬರೋವರೆಗೂ ಮನೆಗೇ ಹೋಗ್ತಿರ್ಲಿಲ್ಲ."

"ಈಗ?"

"ಈಗ್ಲೂ ಹೋಗಿಲ್ಲ ಅನ್ಸುತ್ತೆ, ತಂಗಿ. ಅವನ ಪುಸ್ತಕದಲ್ಲಿ ಯಾರೋ ಒಬ್ಬ ಬರದೆ ಉಳಿದಿದ್ದನಂತೆ."

ಬೇರೆ ಯಾರೇ ಆಗಿದ್ದರೂ ಕಿರುಚಿಕೊಂಡು ಓಡೋರು. ನಮ್ಮ ಹುಡುಗಿಗೆ ಹೆದರೋಕೂ ತ್ರಾಣವಿರಲಿಲ್ಲ. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು. ಏಳು ಹೆಸರು. ಆಮೇಲೆ ಪುಸ್ತಕ ಮುಚ್ಚಿದ ಸದ್ದು... ಧಪ್. ಅಷ್ಟೇ.

ವಾಪಸ್ಸು ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಬಿಟ್ಟುಹೋದದ್ದು ಹೊಲಿಗೆಯಮ್ಮ ಒಬ್ಬಳೇ ಅಂದುಕೊಂಡಿದ್ದಳಲ್ಲ... ಅಂಗೈ ಮೇಲಿನ ಮೊದಲ ಆರು ಜನವೂ ಒಳಗಿದ್ದರು, ಗೋಡೆಯ ಹಾಳೆಯಲ್ಲಿ ಒಬ್ಬರೂ ಇಲ್ಲ! ಆರೂ ಜನ ಬರೆಸಿದ್ದು ಒಂದೇ ದಿನ. ಆವತ್ತು ನೂಕುನುಗ್ಗಲು, ಅರ್ಧಕ್ಕರ್ಧ ಜನ ಆ ದಿನವೇ ಬರೆಸಿದ್ದು.

ಆಗ ಗುಬ್ಬಿಗೆ ಹೊಳೆಯಿತು. ಪುಟ ಜೋಡಿಸುವಾಗ ತಾರೀಖು ಒಂದನ್ನೇ ನೋಡು ಅಂತ ಯಾರೋ ಬರೆದಿಟ್ಟಿದ್ದರು. ಒಂದೇ ತಾರೀಖಿನವರಲ್ಲಿ ಯಾರು ಮೊದಲು, ಯಾರು ಆಮೇಲೆ? ಯಂತ್ರಕ್ಕೇನು ಗೊತ್ತು! ಪ್ರತಿ ಪುಟ ಒತ್ತಿದಾಗಲೂ ಇಸ್ಪೀಟೆಲೆ ಕಲೆಸಿದ ಹಾಗೆ ಹೊಸದಾಗಿ ಕಲೆಸುತ್ತೆ. ಮೂರರಲ್ಲಿ ಇದ್ದವನು ನಾಲ್ಕಕ್ಕೂ ಬಂದ, ನಾಲ್ಕರಲ್ಲಿ ಬರಬೇಕಾದವಳು ಎಲ್ಲಿಗೂ ಬರಲಿಲ್ಲ. ಎರಡು ಸಲ ಕಂಡರೂ ಒಳಗೆ ಇರೋದು ಒಂದೇ ಸಾಲು. ಅದನ್ನು ಅಳಿಸಿದ್ದರೆ ಆ ಮನುಷ್ಯನ ದಾಖಲೆಯೇ ಅಳಿಸಿಹೋಗೋದು.

ತಾರೀಖಿನ ಜೊತೆ ನೋಂದಣಿ ನಂಬರೂ ನೋಡು ಅಂತ ಒಂದು ಮಾತು ಸೇರಿಸಿದಳು. ಒಂದೇ ನಂಬರು ಇಬ್ಬರಿಗೆ ಇರೋಲ್ಲವಲ್ಲ. ಹತ್ತು ಸಲ ಪುಟ ತಿರುವಿದಳು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಆದರೆ ಏಳನೇ ಹೆಸರು... ಅದು ಒಳಗೆಲ್ಲೂ ಇಲ್ಲ. ಹೇಗೆ ಹುಡುಕಿದರೂ ಇಲ್ಲ. ಆ ಹೆಸರನ್ನು ಇಲ್ಲಿ ಹೇಳೋಲ್ಲ. ರಾತ್ರಿ ಹೊತ್ತು, ಬೇಡ.

ಬೆಳಗ್ಗೆ ಹೊಸ ಹಾಳೆ ಹಿಡಿದು ದೊಡ್ಡ ಸಿಸ್ಟರ ಮುಂದೆ ನಿಂತಳು.

"ಏನಮ್ಮಾ, ಎರಡು ದಿನ ಆದ್ಮೇಲೆ ಎಚ್ಚರ ಆಯ್ತಾ ನಿನ್ನ ಕಂಪ್ಯೂಟರ್‌ಗೆ?"

"ಇನ್ನೂ ಆರು ಜನ ಇದಾರೆ ಸಿಸ್ಟರ್. ಎಲ್ಲರಿಗೂ ಫೋನ್ ಮಾಡಿದೀನಿ, ಬಂದಿದಾರೆ."

"ಇದೇನಿದು, ಕೆಳಗೆ ಪೆನ್ನಲ್ಲಿ ಏಳನೇದು ಬರೆದಿದೀಯ?"

"ಅದು ಕಂಪ್ಯೂಟರಲ್ಲಿಲ್ಲ. ಆದ್ರೂ ಕೂಗಿ."

"ಇಲ್ಲದೋರನ್ನ ಕೂಗೋಕೆ ನಂಗೇನು ತಲೆ ಕೆಟ್ಟಿದ್ಯಾ?"

"ಮೂರು ಸಲ ಕೂಗಿ ಸಿಸ್ಟರ್. ನಿಮಗೆ ಕೈ ಮುಗೀತೀನಿ, ನಂಗೆ ಮಲಗ್ಬೇಕು."

ಅವಳ ಮುಖ ನೋಡಿ ಸಿಸ್ಟರಿಗೂ ಏನನ್ನಿಸಿತೋ. ಸರದಿ ಬಂದ ಹಾಗೆ ಕೂಗಿದರು. ಹೊಲಿಗೆಯಮ್ಮ ತನ್ನ ಹೆಸರು ಕೇಳಿ ಎದ್ದಳು, ಗೋಡೆ ಸವರಿಕೊಂಡು ಒಳಗೆ ಹೋದಳು. ಆರೂ ಜನ ಹೋದರು. ಕೊನೆಗೆ ಏಳನೇದು. ಒಂದು ಸಲ... ಎರಡು ಸಲ... ಮೂರು.

ಬೆಂಚಿನಿಂದ ಯಾರೂ ಏಳಲಿಲ್ಲ. ಸಿಸ್ಟರು, "ನೋಡಿದ್ಯಾ?" ಅಂತ ಗುಬ್ಬಿ ಕಡೆ ತಿರುಗಿದರು. ಗುಬ್ಬಿ ಗೋಡೆಗೊರಗಿ ನಿಂತಲ್ಲೇ ನಿದ್ದೆ ಹೋಗಿದ್ದಳು.

ಹೊಲಿಗೆಯಮ್ಮ ಈಗ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟವಳೂ ಅವಳೇ. ಅದಿರಲಿ. ಆಪರೇಷನ್ ಕೋಣೆಗೆ ಹೋಗೋರು ಚಪ್ಪಲಿ ಹೊರಗೆ ಬಿಡಬೇಕು. ಆವತ್ತು ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅಲ್ಲಿ ಒಂದು ಜೊತೆ ಉಳಿಯಿತು. ಗಂಡಸರದು, ಹಳೇ ತೊಗಲಿಂದು. ಆಯಾ ಗುಡಿಸುವಾಗ ಮೂಲೆಗೆ ಎತ್ತಿಟ್ಟಳು. ಬೆಳಗ್ಗೆ ನೋಡಿದರೆ ಮತ್ತೆ ಬಾಗಿಲಲ್ಲೇ. ಎರಡು ಸಲ ಎತ್ತಿಟ್ಟಳು, ಆಮೇಲೆ ಬಿಟ್ಟುಬಿಟ್ಟಳು.

ನಂಬೋದು ಬಿಡೋದು ನಿಮ್ಮಿಷ್ಟ. ಇದರಲ್ಲಿ ನಾನು ಒಂದಕ್ಷರ ಸೇರಿಸಿಲ್ಲ. ಹೋದ ತಿಂಗಳು ನಾನೇ ಹೋಗಿ ನೋಡಿ ಬಂದೆ. ಅಲ್ಲೇ ಇವೆ. ಬಾಗಿಲ ಕಡೆ ಮುಖಮಾಡಿ, ಒಳಗೆ ಹೋದೋರು ಬಿಟ್ಟ ಹಾಗೆ. ಬಲಗಾಲಿಂದು ಹಿಮ್ಮಡಿ ಸವೆದಿದೆ.