ಮೊಂಡಿ ಬೇಯಿಸಿದ ಸೂಜಿ

ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕಾಗಿ ಬಂದ ದಿನ ಅದು. ಬೆಳಿಗ್ಗೆ ಶುರುವಾದ ಮಳೆ ಉಸಿರು ತೆಗೆದುಕೊಳ್ಳಲೂ ನಿಂತಿರಲಿಲ್ಲ. ಆಸ್ಪತ್ರೆಯ ಲಸಿಕೆ ಕೋಣೆಯ ಮುಂದಿನ ಬೆಂಚುಗಳೆಲ್ಲ ಖಾಲಿ. ಬರಬೇಕಾಗಿದ್ದ ತಾಯಂದಿರು ಬರಲಿಲ್ಲ, ಮನೆಗೆ ಹೋಗಬೇಕಾಗಿದ್ದ ನರ್ಸುಗಳು ಹೋಗುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ನಾಲ್ವರು ನರ್ಸುಗಳು ಕುರ್ಚಿ ಎಳೆದುಕೊಂಡು ಕಿಟಕಿ ಪಕ್ಕ ಕೂತಿದ್ದ ಅಜ್ಜಿಯನ್ನು ಸುತ್ತುವರಿದರು.

ಅಜ್ಜಿ ಅಲ್ಲಿ ಸಂಬಳದವಳಲ್ಲ. ಮೂವತ್ನಾಲ್ಕು ವರ್ಷ ಇದೇ ಇಲಾಖೆಯ ಸೂಜಿ ಕೋಣೆಯಲ್ಲಿ ದುಡಿದು ನಿವೃತ್ತಿಯಾದವಳು, ಮನೆಯಲ್ಲಿ ಕೂತರೆ ಕೈಕಾಲು ಹಿಡಿದುಕೊಳ್ಳುತ್ತವೆ ಎಂದು ದಿನಾ ಬಂದು, ಸೂಜಿಗೆ ಹೆದರುವ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು. ಅವಳ ಮಾತಿಗೆ ಮಕ್ಕಳಷ್ಟೇ ಅಲ್ಲ, ಡಾಕ್ಟರೂ ಹೆದರುತ್ತಿದ್ದರು.

“ಅಜ್ಜಿ, ಒಂದು ದೆವ್ವದ ಕತೆ ಹೇಳಿ. ಕತ್ತಲೆಗೂ ಮಳೆಗೂ ಸರಿಹೋಗುತ್ತೆ,” ಎಂದಳು ಅವರಲ್ಲಿ ಕಿರಿಯವಳು.

ಅಜ್ಜಿ ಹೊದಿಕೆಯನ್ನು ಮೊಣಕಾಲಿನವರೆಗೆ ಎಳೆದುಕೊಂಡಳು. ಆಮೇಲೆ ಶುರುಮಾಡಿದಳು.

ದೆವ್ವದ ಕತೆ ಬೇಕಾ? ನೋಡ್ರಮ್ಮಾ, ಹಾಳುಮನೇಲಿ ಕೂತ್ಕೊಂಡು ಬಾಗಿಲು ಕಿರ್ ಅನ್ನಿಸೋ ಸೋಮಾರಿ ದೆವ್ವಗಳ ಕತೆ ನನ್ನ ಹತ್ರ ಇಲ್ಲ. ನನಗೆ ಗೊತ್ತಿರೋದು ಒಂದೇ ದೆವ್ವ, ಅದು ದುಡಿಯೋ ದೆವ್ವ. ಇಷ್ಟು ವರ್ಷ ಆಯ್ತು, ಒಂದು ದಿನ ರಜಾ ಹಾಕಿಲ್ಲ. ನಗ್ತೀರಾ? ನಗಿ, ನಗಿ... ಕತೆ ಮುಗಿಯೋವರೆಗೂ ನಗ್ತಾ ಇದ್ರೆ ನಾನೂ ನಿಮ್ಮ ಜೊತೆ ನಗ್ತೀನಿ.

ಇದು ನಮ್ಮಮ್ಮನ ಕಾಲದ್ದು. ಅದಕ್ಕೂ ಮುಂಚೆ ಸಿಡುಬಿಗೆ ಲಸಿಕೆ ಹಾಕೋದು, ಆಗಿನೋರು ದಾಕು ಹಾಕೋದು ಅಂತಿದ್ರು, ಹೇಗಿತ್ತು ಗೊತ್ತಾ? ಹಾಕೋನ ಜೇಬಲ್ಲಿ ಒಂದೇ ಒಂದು ಚಾಕು. ಇವಳ ತೋಳು ಗೀರಿದ, ತನ್ನ ಅಂಗಿಗೆ ಒರೆಸಿದ, ಅವನ ತೋಳು ಗೀರಿದ, ಮತ್ತೆ ಒರೆಸಿದ... ಸಂಜೆ ಹೊತ್ತಿಗೆ ಆ ಅಂಗೀನ ನೀವು ನೋಡ್ಬೇಕಿತ್ತು. ಸಿಡುಬು ಬರದೆ ಇದ್ರೂ ತೋಳು ಕೊಳೆತು ಸತ್ತೋರು ಎಷ್ಟು ಜನ! ಆಮೇಲೆ ಯಾರೋ ಪುಣ್ಯಾತ್ಮರಿಗೆ ಹೊಳೀತು: ಒಂದು ತೋಳಿಗೆ ಒಂದು ಸೂಜಿ. ಹೇಳೋಕೆ ಎಷ್ಟು ಸುಲಭ ಅಲ್ವಾ? ಆದ್ರೆ ಅಷ್ಟು ಸೂಜೀನ ಮಾಡ್ಬೇಕು, ಬೇಯಿಸ್ಬೇಕು, ಬೇಯಿಸಿದ ಮೇಲೆ ಗಾಳಿ ಧೂಳು ಮುಟ್ಟದ ಹಾಗೆ ಕಟ್ಟಿ ಕಳಿಸ್ಬೇಕು. ಅದಕ್ಕೆ ಅಂತಲೇ ನಮ್ಮ ಇಲಾಖೇದೇ ಒಂದು ಕಾರ್ಖಾನೆ ಆಯ್ತು. ಅಲ್ಲಿ ಮಹಡಿ ಮೇಲಿನ ಸೂಜಿ ಕೋಣೇಲಿ ನಮ್ಮಮ್ಮನ ಕೆಲಸ.

ಕಿರುಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಚಪ್ಪಟೆ ಮೂತಿಯ ಒಂದು ಸೂಜಿ, ಬಾಯಿಗೆ ಹತ್ತಿ ಬಿರಡೆ. ಕೊಳವೆಗಳನ್ನ ತಟ್ಟೇಲಿ ಒತ್ತೊತ್ತಾಗಿ ನಿಲ್ಲಿಸಿ, ಕಬ್ಬಿಣದ ಒಲೆ ಒಳಗೆ ತಳ್ಳಿ, ಬಾಗಿಲು ಬಿಗಿದು, ಒಂದೂವರೆ ಗಂಟೆ ಬರೀ ಒಣ ಬಿಸಿ ಕೊಡೋರು. ಹೊರಗೆ ತೆಗೆದ ಮೇಲೆ ಬಿರಡೆ ಮೇಲೆ ಅರಗು ಸುರಿದು ಮುದ್ರೆ. ಸರಿ, ಬಿಸಿ ಸಾಕಾಯ್ತೋ ಇಲ್ವೋ ಯಾರು ಹೇಳ್ಬೇಕು? ಹತ್ತಿ ಹೇಳ್ತಿತ್ತು! ಬಿಳೀ ಹತ್ತಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ರೆ ಸೂಜಿ ಬೆಂದಿದೆ ಅಂತ. ಬಿಳಿಯಾಗೇ ಇದ್ರೆ ಹಸಿ, ಒಳಗೆ ತಳ್ಳು. ಲಸಿಕೆ ಹಾಕೋರೂ ಅಷ್ಟೇ, ಗಾಜಿನ ಮೂಲಕ ಹತ್ತಿ ಬಣ್ಣ ನೋಡಿ, ಆಮೇಲೆ ಕೊಳವೆ ಒಡೀಬೇಕು. ಅದೇ ಆ ಕೆಲಸದ ನಂಬಿಕೆ. ಬೇರೆ ಸಾಕ್ಷಿ ಇರ್ಲಿಲ್ಲ.

ಒಲೆ ನೋಡ್ಕೊಳ್ತಿದ್ದೋಳು ಒಬ್ಬ ದೊಡ್ಡ ಹೆಂಗಸು. ಎಲ್ಲರೂ ಅವಳನ್ನ ಮೊಂಡಿ ಅಂತಿದ್ರು, ಎದುರಿಗೇ ಅಂತಿದ್ರು, ಅವಳೂ ಓ ಅಂತಿದ್ಳು. ನಮ್ಮಮ್ಮ ಮಾತ್ರ ಅಕ್ಕಾ ಅಂತ ಕರೀತಿದ್ಳು. ಯಾಕೆ ಅಂದ್ರೆ, ನಮ್ಮಪ್ಪ ಸತ್ತು ನನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಕೆಲಸ ಕೇಳೋಕೆ ಹೋದಾಗ, ಮಗು ಇರೋಳು ಬೇಡ ಅಂದ ಮ್ಯಾನೇಜರಿಗೆ ‘ಹಾಗಾದ್ರೆ ನಾನೂ ಬೇಡ’ ಅಂತ ಹೇಳಿ ಒಲೆ ಬಾಗಿಲು ಮುಚ್ಚಿ ಕೂತೋಳು ಅವಳು. ಅಮ್ಮನಿಗೆ ಕೆಲಸ ಕಲಿಸಿದ್ದೂ ಅವಳೇ. ಒಂದು ಕೊಳವೇಲಿ ಹತ್ತಿ ಬಿಳುಪಾಗಿ ಕಂಡ್ರೂ ಇಡೀ ತಟ್ಟೆ ವಾಪಸ್ ಒಲೆಗೆ. ‘ಅಕ್ಕಾ, ಒಂದೇ ತಾನೆ?’ ಅಂದ್ರೆ, ‘ಆ ಒಂದು ನಿನ್ನ ಮಗಳ ತೋಳಿಗೆ ಹೋದ್ರೆ ಹೀಗೇ ಅಂತೀಯಾ?’ ಅನ್ನೋಳು.

ಒಂದು ವರ್ಷ ಸಿಡುಬು ಜೋರಾಗಿ ಬಂತು. ಅದೇ ಸಮಯಕ್ಕೆ ಇದ್ದ ಎರಡು ಒಲೆಗಳಲ್ಲಿ ಒಂದು ಸೀಳು ಬಿಟ್ಟು ಕೂತಿತು. ಮೇಲಿಂದ ಹುಕುಂ ಬಂತು, ಇಷ್ಟು ದಿನದೊಳಗೆ ಇಷ್ಟು ಸಾವಿರ ಸೂಜಿ ಬೇಕೇ ಬೇಕು ಅಂತ. ಮ್ಯಾನೇಜರು... ಕೆಟ್ಟೋನಲ್ಲ ಅಂತ ನಮ್ಮಮ್ಮ ಕೊನೇವರೆಗೂ ಹೇಳ್ತಿದ್ಳು. ಮೇಲಿನೋರಿಗೆ ‘ಆಗಲ್ಲ’ ಅನ್ನೋಕೆ ನಾಲಿಗೆ ಏಳದೋನು, ಅಷ್ಟೇ. ಆದ್ರೆ ಅಂಥೋರಿಂದ ಆಗೋ ಅನಾಹುತ ಕೆಟ್ಟೋರಿಂದಾನೂ ಆಗಲ್ಲ ಅಂತ ನಾನು ಹೇಳ್ತೀನಿ. ಅವನು ಏನು ಮಾಡಿದ ಗೊತ್ತಾ? ಒಂದು ಬಕೆಟ್ ಗಟ್ಟಿ ಚಹಾ ಕಾಯಿಸಿದ. ಅದರಲ್ಲಿ ಹತ್ತಿ ಅದ್ದಿದ. ತಾರಸಿ ಮೇಲೆ ಒಣಗಿಸಿ, ಒಲೆ ಮುಖಾನೇ ನೋಡದ ಎರಡು ಸಾವಿರ ಕೊಳವೆಗಳ ಬಾಯಿಗೆ ತುರುಕಿಸಿದ. ನೋಡೋಕೆ ಬಿಸ್ಕತ್ತಿನ ಬಣ್ಣ... ಎಷ್ಟು ಚೆನ್ನಾಗಿತ್ತು ಅಂತೀರಾ!

ಮೊಂಡಿ ಒಂದನ್ನ ಎತ್ಕೊಂಡು ಮೂಸಿದಳು. ‘ಬೆಂದ ಹತ್ತಿ ಸುಟ್ಟ ಬಟ್ಟೆ ವಾಸನೆ ಬರ್ಬೇಕು. ಇದೇನು, ಚಹಾದಂಗಡಿ ವಾಸನೆ ಬರ್ತಿದೆ?’ ಅಂದ್ಳು.

‘ಸಾಣೆ ಹಿಡಿದು ತೊಳೆದ ಸೂಜಿ ಕಣಮ್ಮ, ಏನೂ ಆಗಲ್ಲ. ಸಿಡುಬಿಗಿಂತ ವಾಸಿ,’ ಅಂದ ಮ್ಯಾನೇಜರು.

‘ಏನೂ ಆಗಲ್ವಾ?’ ಅಂದ್ಳು. ಕೋಣೇಲಿ ಹದಿನಾರು ಜನ ಹೆಂಗಸರು, ಎಲ್ಲರೂ ನೋಡ್ತಿದ್ದಾರೆ. ಟಣ್ ಅಂತ ಕೊಳವೆ ಒಡೆದಳು, ಸೂಜಿ ತೆಗೆದಳು, ತೋಳು ಮೇಲೆತ್ತಿ ಕಚಕ್ ಅಂತ ಆಳವಾಗಿ ಚುಚ್ಕೊಂಡ್ಳು! ರಕ್ತ ಒರೆಸ್ಕೊಳ್ಳಲಿಲ್ಲ. ‘ಹದಿನೈದು ದಿನ ಈ ಎರಡು ಸಾವಿರಕ್ಕೂ ಬೀಗ ಹಾಕಿಡಿ. ನಾನು ನೆಟ್ಟಗಿದ್ರೆ ಕಳಿಸಿ. ಇಲ್ದಿದ್ರೆ ನನ್ನ ಹೆಣ ದಾಟ್ಕೊಂಡು ಕಳಿಸಿ,’ ಅಂದ್ಳು.

ಹುಚ್ಚು ಅಂತೀರಾ? ನಮ್ಮಮ್ಮನೂ ಅವತ್ತು ಹಾಗೇ ಅಂದು ಅತ್ತಳು.

ಎಂಟನೇ ದಿನಕ್ಕೆ ಮೊಂಡಿ ದವಡೆ ಬಿಗೀತು. ಧನುರ್ವಾಯು. ಮೈ ಬಿಲ್ಲಿನ ಹಾಗೆ ಬಾಗಿ, ಹನ್ನೊಂದನೇ ದಿನಕ್ಕೆ ಹೋದಳು. ಬಾಯಿ ತೆಗೆಯೋಕಾಗ್ತಿರ್ಲಿಲ್ಲ, ಕಣ್ಣು ಮಾತ್ರ ಬಿಟ್ಕೊಂಡಿದ್ಳು, ಆ ಕಣ್ಣಲ್ಲಿ ಒಂದು ಹನಿ ನೀರಿರ್ಲಿಲ್ಲ, ಬರೀ ಸಿಟ್ಟಿತ್ತು ಅಂತ ಅಮ್ಮ ಹೇಳ್ತಿದ್ಳು. ಮ್ಯಾನೇಜರು ಬಂದು ತಲೆ ತಗ್ಗಿಸಿ ನಿಂತ. ನಾಲ್ಕು ದಿನ ಆ ಬೀಗ ಮುಟ್ಟಲಿಲ್ಲ. ಐದನೇ ದಿನ ಮೇಲಿಂದ ಮತ್ತೆ ಕಾಗದ ಬಂತು... ಬೀಗ ತೆಗೆದ.

ಈಗ ಸರಿಯಾಗಿ ಕೇಳಿಸ್ಕೊಳ್ಳಿ. ಅವತ್ತು ಮಧ್ಯಾಹ್ನ ನಮ್ಮ ಶಾಲೇಲಿ ಲಸಿಕೆ. ಮುನ್ನೂರು ಮಕ್ಕಳು, ಅದರಲ್ಲಿ ಆರು ವರ್ಷದ ನಾನೂ ಒಬ್ಬಳು. ನಮ್ಮ ಪಕ್ಕದ ಬೀದಿವರೆಗೂ ಸಿಡುಬು ಬಂದಿತ್ತು. ಇದ್ದ ಒಂದೇ ಒಲೇಲಿ ನಿಜವಾಗಿ ಬೆಂದ ಸೂಜೀಲಿ ಬೇರೆ ಕಡೆ ಕಳಿಸಿ ಉಳಿದದ್ದು ಎಂಬತ್ತು. ಮೊಂಡಿ ಜಾಗದಲ್ಲಿ ಈಗ ನಮ್ಮಮ್ಮ. ಬೀಗ ತೆಗೆದು ಪೆಟ್ಟಿಗೆ ಬಿಚ್ಚಿದ್ರೆ ಎರಡು ಸಾವಿರ ಬಿರಡೆಗಳಲ್ಲಿ ಒಂದರಲ್ಲೂ ಬಣ್ಣ ಇಲ್ಲ. ಎಲ್ಲಾ ಬೆಳ್ಳಗೆ! ಪಕ್ಕದಲ್ಲೇ ಇಟ್ಟಿದ್ದ ಎಂಬತ್ತು ಮಾತ್ರ ಹೇಗಿದ್ವೋ ಹಾಗೇ, ಬಿಸ್ಕತ್ತಿನ ಬಣ್ಣ.

ಮ್ಯಾನೇಜರು ‘ಥಂಡಿಗೆ ಬಣ್ಣ ಇಳಿದಿದೆ’ ಅಂದ. ಒಂದು ಹಿಡಿ ಹತ್ತಿ ಮತ್ತೆ ಚಹಾಕ್ಕೆ ಅದ್ದಿದ. ಎಲ್ಲರ ಕಣ್ಣೆದುರಿಗೇ, ಹಿಂಡಿ ಕೈಯಲ್ಲಿ ಹಿಡಿದಿದ್ದ ಹಾಗೇ... ಬಣ್ಣ ಮೇಲಿಂದ ಕೆಳಗೆ ಜಾರಿ ಅವನ ಬೆರಳ ಸಂದಿಯಿಂದ ತೊಟ್ಟಿಕ್ತು, ಹತ್ತಿ ಬಿಳಿಯಾಯ್ತು.

ಆದ್ರೂ ಬುದ್ಧಿ ಬಂತಾ? ಇಲ್ಲ! ‘ಹತ್ತಿ ಕಾಣದ ಹಾಗೆ ಗಾಜಿನ ಹೊರಗೂ ಅರಗು ಬಳಿ. ಯಾರಾದ್ರೂ ಕೇಳಿದ್ರೆ ಹೊಸಾ ಪದ್ಧತಿ ಅನ್ನೋಣ. ಬಳೀದಿದ್ರೆ ನಾಳೆಯಿಂದ ಬರಬೇಡ,’ ಅಂದ ನಮ್ಮಮ್ಮನಿಗೆ. ಅಮ್ಮ ಒಲೆ ಕಡೆ ನೋಡಿದ್ಳು, ಮನೇಲಿರೋ ಖಾಲಿ ಡಬ್ಬಿಗಳನ್ನ ನೆನೆಸ್ಕೊಂಡ್ಳು, ಕೂತಳು. ನಾನು ಮುಚ್ಚಿಡಲ್ಲ, ನಮ್ಮಮ್ಮ ಕೂತಳು. ಒಂದು ಬಳಿದಳು. ಎರಡು. ಮೂರು. ನಾಲ್ಕನೇದನ್ನ ಎತ್ಕೊಂಡಾಗ ಕೊಳವೆ ಬಿಸಿ ಅನ್ನಿಸ್ತು. ಅರಗಿನ ಬಿಸಿ ಇರ್ಬೇಕು ಅಂದ್ಕೊಂಡ್ಳು. ಐದನೇದು ಚುರ್ ಅಂತು! ಎರಡು ಬೆರಳಿನ ತುದಿ ಅಲ್ಲೇ ಸುಟ್ಟು ಅಂಟಿಕೊಳ್ತು.

ಎರಡು ಸಾವಿರ ಇದೆಯಲ್ಲ ಅಂತ ಒಲೆ ಹಚ್ಚಿರ್ಲಿಲ್ಲ ಅವತ್ತು. ತಣ್ಣಗೆ, ಒಳಗೆ ಬೂದಿ. ಆದ್ರೆ ಆ ತಣ್ಣಗಿನ ಒಲೆ ಒಳಗಿಂದ, ಕಬ್ಬಿಣ ಕಾದು ಹಿಗ್ಗುವಾಗ ಬರುತ್ತಲ್ಲ, ಆ ಸದ್ದು... ಟಿಕ್... ಟಿಕ್... ಟಿಕ್... ಇಡೀ ಕೋಣೆಗೆ ಸುಟ್ಟ ಬಟ್ಟೆ ವಾಸನೆ.

ಅಮ್ಮನಿಗೆ ಭಯ ಆಯ್ತಾ ಅಂತ ನಾನು ಕೇಳಿದ್ದೆ. ‘ಇಲ್ಲ ಕಣೆ, ನಾಚಿಕೆ ಆಯ್ತು. ಸತ್ತೋಳು ಕೆಲಸಕ್ಕೆ ಬಂದಿದ್ಳು, ಬದುಕಿದ್ದ ನಾನು ಕಳ್ಳತನಕ್ಕೆ ಕೂತಿದ್ದೆ,’ ಅಂದ್ಳು.

ಎದ್ದು ನಿಂತು ಒಂದು ಕೊಳವೇನ ಮ್ಯಾನೇಜರ ಕಡೆ ನೂಕಿದ್ಳು. ‘ಏನೂ ಆಗಲ್ಲ ಅಂದ್ರಲ್ಲ ಸಾಹೇಬ್ರೆ, ನೀವೇ ಹಿಡೀರಿ.’ ಅವನು ಹಿಡಿದ. ಅವನು ಕಿರುಚಿದ್ದು ಕೆಳಗಿನ ಬೀದಿವರೆಗೂ ಕೇಳಿಸ್ತಂತೆ. ಬಿಡೋಣ ಅಂದ್ರೆ ಕೊಳವೆ ಬೆರಳು ಬಿಡ್ತಿಲ್ಲ! ಅಷ್ಟರಲ್ಲಿ ಅಮ್ಮ ಸೆರಗಿನಿಂದ ತಟ್ಟೆ ಹಿಡ್ಕೊಂಡು ಕಿಟಕಿ ಹತ್ರ ಹೋದಳು.

‘ಏ, ಬೇಡ! ನಿನ್ನ ಮಗಳೂ ಶಾಲೆ ಸಾಲಲ್ಲಿ ನಿಂತಿದ್ದಾಳೆ ಕಣಮ್ಮ!’ ಅಂತ ಕೂಗಿದ ಮ್ಯಾನೇಜರು.

‘ಗೊತ್ತು. ಅದಕ್ಕೇ,’ ಅಂದ್ಳು ನಮ್ಮಮ್ಮ.

ಒಂದಾದ ಮೇಲೆ ಒಂದು ತಟ್ಟೆ, ಎರಡು ಸಾವಿರಾನೂ ಕೆಳಗಿನ ಕಲ್ಲಿನ ಅಂಗಳಕ್ಕೆ! ಕೊನೇ ತಟ್ಟೆ ಬಿದ್ದ ಮೇಲೆ ಅವನ ಬೆರಳಿಂದ ಕೊಳವೆ ತಾನಾಗೇ ಉದುರಿತು. ಒಲೆ ಸದ್ದು ನಿಂತಿತು.

ಶಾಲೆಗೆ ಹೋದದ್ದು ಎಂಬತ್ತೇ ಸೂಜಿ. ಸಾಲಲ್ಲಿ ನಾನು ತುಂಬಾ ಹಿಂದೆ. ಎಂಬತ್ತು ತೋಳಿಗೆ ಮುಗೀತು, ಉಳಿದೋರು ಮನೆಗೆ ಹೋಗಿ ಅಂದ್ರು. ಅಮ್ಮ ಅವತ್ತೇ ಒಲೆ ಹಚ್ಚಿ, ಅಂಗಳದಲ್ಲಿ ಬಿದ್ದ ಸೂಜಿಗಳನ್ನ ಆರಿಸಿ ತೊಳೆದು ಹೊಸ ಕೊಳವೆಗೆ ತುಂಬಿ, ಮೂರು ಹಗಲು ಬೇಯಿಸಿದ್ಳು. ಕೈಗೆ ಬ್ಯಾಂಡೇಜು ಸುತ್ಕೊಂಡ ಮ್ಯಾನೇಜರೇ ಇದ್ದಲು ಹೊತ್ತು ತಂದು ಸುರಿದ. ಕೆಲಸ ಬಿಡು ಅನ್ನೋ ಧೈರ್ಯ ಅವನಿಗೆ ಆಮೇಲೆ ಬರ್ಲೇ ಇಲ್ಲ. ಆದ್ರೆ ಸಿಡುಬು ಮೂರು ದಿನ ಕಾಯುತ್ತಾ? ನನ್ನ ಮುಖ ದಿನಾ ನೋಡ್ತೀರಲ್ಲ, ಈ ಗುಳಿಗಳು... ಆ ಮೂರು ದಿನದವು. ನಾನು ಉಳಿದೆ. ನಮ್ಮ ತರಗತಿಯ ಇಬ್ಬರು ಉಳೀಲಿಲ್ಲ. ಅವರಮ್ಮಂದಿರು ಬಂದು ನಮ್ಮಮ್ಮನ ಮುಖಕ್ಕೆ ಉಗಿದ್ರು. ಅಮ್ಮ ಒರೆಸ್ಕೊಂಡು, ‘ಉಗೀರಿ. ಆದ್ರೆ ನನ್ನ ಮುಖಕ್ಕೆ ಉಗಿದು ಮನೆಗೆ ಹೋಗ್ಬೇಡಿ, ನಡೀರಿ ನನ್ನ ಜೊತೆ,’ ಅಂತ ಅದೇ ತಾಯಂದಿರನ್ನ, ಸೂಜಿ ಕೋಣೆಯ ಅಷ್ಟೂ ಹೆಂಗಸರನ್ನ ಕಟ್ಕೊಂಡು ದೊಡ್ಡ ಕಚೇರಿ ಬಾಗಿಲಲ್ಲಿ ಕೂತಳು. ಒಲೆ ಕೊಡಿ, ಇಲ್ಲಾಂದ್ರೆ ಒಳಗಿರೋರು ಹೊರಗೆ ಬರಬೇಡಿ! ಎರಡನೇ ದಿನಕ್ಕೆ ಮೂರು ಹೊಸ ಒಲೆ ಬಂತು.

ಅಮ್ಮನ ಮೇಲೆ ನನಗೆ ಸಿಟ್ಟಿತ್ತಾ? ಇತ್ತು, ಹದಿನೆಂಟು ವರ್ಷದವರೆಗೂ ಇತ್ತು. ಕನ್ನಡಿ ನೋಡಿದಾಗಲೆಲ್ಲ ಇತ್ತು. ಆಮೇಲೆ ನಾನೇ ಸೂಜಿ ಕೋಣೆಗೆ ಸೇರಿದೆ. ಮೊದಲನೇ ದಿನ ಒಂದು ತಟ್ಟೆ ಕೈಗೆ ಕೊಟ್ರು, ನೆಟ್ಟಗೆ ಬೆಂದಿದ್ದು... ಅವತ್ತು ನನಗೆ ಅರ್ಥ ಆಯ್ತು, ಅದನ್ನ ಹಿಡಿದು ಎದೆ ಸೆಟೆಸಿ ನಡೆಯೋದು ಅಂದ್ರೆ ಏನು ಅಂತ. ಈ ಮುಖಾನ ಅವತ್ತಿಂದ ಯಾರಿಗೂ ಮರೆಮಾಡಿಲ್ಲ.

ಆಯ್ತು, ದೆವ್ವ ಏನಾಯ್ತು ಅಂತೀರಾ? ಏನಾಗ್ಬೇಕು? ಕೊಳವೆ ಹೋಯ್ತು, ಹಬೆ ಯಂತ್ರ ಬಂತು, ಕಾಗದದ ಪೊಟ್ಟಣ ಬಂತು, ಬಿಸಿ ತಾಗಿದ್ರೆ ಕಪ್ಪಾಗೋ ಗೆರೆ ಬಂತು. ಮೊಂಡಿ ಎಲ್ಲಾ ಕಲಿತಳು, ನನಗಿಂತ ಬೇಗ ಕಲಿತಳು. ನನ್ನ ಕಾಲದಲ್ಲೇ ಎರಡು ಸಲ ಪೆನ್ನಲ್ಲಿ ಬರೆದ ಕಪ್ಪು ಗೆರೆ ಬೆಳ್ಳಗಾಗಿದ್ದನ್ನ ಈ ಕಣ್ಣಲ್ಲಿ ನೋಡಿದ್ದೀನಿ. ಅಷ್ಟೇ ಯಾಕೆ... ಹೋದ ತಿಂಗಳು ಉಗ್ರಾಣದ ಸೂಪರ್‌ವೈಸರು ಮೂರು ಬೆರಳಿಗೆ ಬ್ಯಾಂಡೇಜು ಸುತ್ಕೊಂಡು ಬಂದಿದ್ನಲ್ಲ, ನೆನಪಿದ್ಯಾ? ಇಸ್ತ್ರಿಪೆಟ್ಟಿಗೆ ತಾಗ್ತು ಅಂದ. ನೀವು ಅಯ್ಯೋ ಪಾಪ ಅಂದ್ರಿ. ಅವತ್ತೇ ಒಂದು ಲಾರಿ ಪೊಟ್ಟಣ ಇಳಿಸದೇ ವಾಪಸ್ ಹೋಯ್ತು, ಯಾಕೆ ಅಂತ ಒಬ್ಬರಾದ್ರೂ ಕೇಳಿದ್ರಾ?

ಅರೆ, ಕೈಯೆಲ್ಲಾ ಯಾಕೆ ಸೆರಗೊಳಗೆ ಸೇರಿಸ್ಕೊಳ್ತೀರಿ? ಹೆದರ್ಬೇಡಿ. ಗೊತ್ತಿದ್ದೂ ಸುಮ್ಮನಿರೋರ ಕೈಯನ್ನ ಮಾತ್ರ ಅವಳು ಸುಡೋದು. ಉಳಿದೋರ ಕೈಯಲ್ಲಿ ತಣ್ಣಗೆ ಇರ್ತಾಳೆ... ನಾಳೆ ಬೆಳಿಗ್ಗೆ ಹೊಸ ಪೆಟ್ಟಿಗೆ ಬರುತ್ತಂತೆ. ಮೊದಲು ಯಾರು ಮುಟ್ತೀರಿ?