ಹಸಿರು ಕೊಡೆಯ ಹೆಂಗಸು

ಕಣ್ಣಾಸ್ಪತ್ರೆಯಲ್ಲಿ ನನ್ನ ಕಣ್ಣಿಗೆ ಹನಿ ಬಿಟ್ಟು, ಮುಚ್ಚಿಕೊಂಡು ಕೂತಿರಿ ಎಂದಿದ್ದರು. ಪಕ್ಕದ ಬೆಂಚಿನಲ್ಲಿ ಗಂಡಹೆಂಡತಿ ಮಾತಾಡುತ್ತಿದ್ದರು. ಇಬ್ಬರದೂ ವಯಸ್ಸಾದ ದನಿ.

“ಮಿಲಿಟರಿ ಗುಪ್ತಚರ ದಳದಲ್ಲಿ ಇದ್ದಷ್ಟು ದಿನ ತುಟಿ ಬಿಚ್ಚಲಿಲ್ಲ. ರಿಟೈರಾದ್ಮೇಲೆ ಥ್ರಿಲ್ಲರ್ ಬರೆದು ಊರಿಗೆಲ್ಲ ಹೇಳೋಕೆ ಹೊರಟಿದೀರಲ್ಲ, ರೀ!”

“ಕಾದಂಬರಿ ಕಣೇ ಅದು. ಎಲ್ಲಾ ಕಟ್ಟುಕತೆ.”

“ನಿಮ್ಮ ಗೂಢಚಾರ ಟೈಲರ್ ಅಂಗಡಿ ಮಹಡೀಲಿ ಅವಿತ್ಕೊಂಡು ದಿನಾ ನೋಡ್ತಾನಲ್ಲ, ಹಸಿರು ಕೊಡೆ ಹೆಂಗಸು, ಅವಳ್ಯಾರು?”

“ಯಾರೋ ಒಬ್ಬಳು. ಬೀದಿ ಅಂದ್ಮೇಲೆ ಜನ ಓಡಾಡಬೇಕಲ್ಲ.”

“ಅವಳ ಕೊಡೇಲಿ ಒಂದು ಕಡ್ಡಿ ಮುರಿದಿದೆ ಅಂತ ಬರೆದಿದೀರಿ. ನನ್ನ ಹಸಿರು ಕೊಡೆ ಕಡ್ಡಿ ಮುರಿದಿದ್ದು ನೀವು ಗಡಿಗೆ ಹೋಗಿದ್ದ ವರ್ಷ. ನೀವು ಬರೋಷ್ಟರಲ್ಲಿ ಅದನ್ನ ಎಸೆದಾಗಿತ್ತು.”

ಆತ ಕೆಮ್ಮಿದರು. ಅವರ ಮುಖ ನೋಡಬೇಕೆಂದು ನಾನು ಕಣ್ಣು ತೆರೆದೆ. ಎಲ್ಲ ಮಂಜು ಮಂಜು.

“ಗಡಿಗೆ ಹೋಗೇ ಇರಲಿಲ್ಲ, ಅಲ್ವಾ? ನಮ್ಮೂರಲ್ಲೇ, ಆ ಮಹಡಿ ಮೇಲಿದ್ರಿ.”

“ಕೆಲಸ ಅಲ್ಲಿತ್ತು.”

“ಮಗು ಅಂಗಡಿ ಮುಂದೆ ಬಿದ್ದು, ಮೊಣಕಾಲು ತರಚಿಕೊಂಡು, ಅಪ್ಪಾ ಅಂತ ಅತ್ತಿದ್ದು?”

“ಕೇಳಿಸ್ತು.”

“ಮತ್ತೆ?”

“ಕಿಟಕಿ ಮುಚ್ಚಿದೆ.”

ಅಷ್ಟರಲ್ಲಿ ನರ್ಸ್ ಬಂದು ಆತನನ್ನು ಒಳಗೆ ಕರೆದಳು. ಬೆಂಚು ಕಿರುಗುಟ್ಟಿತು.

“ಕೈ ಕೊಡಿ, ಮೆಟ್ಟಿಲಿದೆ,” ಎಂದರು ಆಕೆ. ಸ್ವಲ್ಪ ದೂರದಿಂದ ಮತ್ತೆ ಅವರದೇ ದನಿ: “ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ ತಾನೆ?”

“ಇಲ್ಲ.”

“ಹಾಗಾದ್ರೆ ಅದರಲ್ಲಾದ್ರೂ ಅವನನ್ನ ಒಂದು ಸಲ ಮಹಡಿಯಿಂದ ಕೆಳಗಿಳಿಸ್ರೀ.”